ಮನಸ್ಸಿಗೆ ಆಗಿಬರುವ ಗಿಡ ಯಾವುದು? ದಾವಣಗೆರೆ, ಚಿತ್ರದುರ್ಗದ ಮನೆಗಳಿಗೊಂದು ಹೋಲಿಕೆ

ಮನೆಯಲ್ಲಿ ಗಿಡ ಇದ್ದರೆ ಮನಸ್ಸು ಹಗುರಾಗುತ್ತದೆ ಅಂತ ಕೇಳಿಕೊಂಡು ನರ್ಸರಿಗೆ ಬರುವವರಲ್ಲಿ ಬಹಳಷ್ಟು ಜನ ಕೇಳುವುದು ಒಂದೇ ಮಾತು: "ಹೆಚ್ಚು ನೋಡ್ಕೊಳ್ಳೋದು ಬ್ಯಾಡದ ಗಿಡ ಯಾವ್ದೈತಿ?" ತೊಡಕಿರುವುದು ಇಲ್ಲೇ. ಗಿಡದಿಂದ ಸಿಗುವ ನೆಮ್ಮದಿಯ ದೊಡ್ಡ ಪಾಲು ಹುಟ್ಟುವುದು ಆ ನೋಡಿಕೊಳ್ಳುವ ಕೆಲಸದಿಂದ. ಬೆಳಿಗ್ಗೆ ಎದ್ದು ಮಣ್ಣಿಗೆ ಬೆರಳಿಟ್ಟು ನೋಡುವುದು, ಹಣ್ಣಾದ ಎಲೆ ಕೀಳುವುದು, ಚಿಗುರು ಬಂತಾ ಅಂತ ಬಗ್ಗಿ ಹುಡುಕುವುದು. ಏನನ್ನೂ ಕೇಳದ ಗಿಡ ಒಂದು ತಿಂಗಳಲ್ಲಿ ಮನೆಯ ಕುರ್ಚಿ ಮೇಜಿನ ಹಾಗೆ ಕಣ್ಣಿಗೆ ಬೀಳುವುದನ್ನೇ ನಿಲ್ಲಿಸುತ್ತದೆ. ಅತಿಯಾಗಿ ಕೇಳುವ ಗಿಡ ತಂದರೆ ಏಪ್ರಿಲ್ ಬಿಸಿಲಿಗೆ ಅದು ಒಣಗಿ, ಇದ್ದ ಬೇಸರದ ಮೇಲೆ ಇನ್ನೊಂದು ಬೇಸರ. ಅದಕ್ಕೇ ಇಲ್ಲಿ ಗಿಡಗಳನ್ನು ಅಳೆದಿರುವುದು ಅವು ದಿನಕ್ಕೆ, ವಾರಕ್ಕೆ ಎಷ್ಟು ಕೆಲಸ ಕೊಡುತ್ತವೆ, ಆ ಕೆಲಸಕ್ಕೆ ಪ್ರತಿಯಾಗಿ ಏನು ಕೊಡುತ್ತವೆ ಅನ್ನುವುದರ ಮೇಲೆ.

ಗಾಳಿ ಶುದ್ಧಿಯ ಮಾತು

ಗಿಡ ಮಾರುವ ಕಡೆಯೆಲ್ಲ "ಗಾಳಿ ಶುದ್ಧ ಮಾಡುತ್ತದೆ" ಎಂಬ ಚೀಟಿ ಇರುತ್ತದೆ. ಅದರ ಮೂಲ 1989ರ ನಾಸಾ ಪ್ರಯೋಗ. ಅಲ್ಲಿ ಗಿಡಗಳನ್ನು ಗಾಳಿಯಾಡದ ಸಣ್ಣ ಪೆಟ್ಟಿಗೆಗಳಲ್ಲಿಟ್ಟು ಪರೀಕ್ಷಿಸಿದ್ದರು. ಕಿಟಕಿ ಬಾಗಿಲು ಇರುವ ಮನೆಗೆ ಆ ಲೆಕ್ಕ ಹೊಂದುವುದಿಲ್ಲ. ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2019ರ ಅಮೆರಿಕದ ವಿಶ್ಲೇಷಣೆಯ ಪ್ರಕಾರ, ಕಟ್ಟಡದಲ್ಲಿ ತಾನಾಗಿಯೇ ಆಗುವ ಗಾಳಿಯ ಓಡಾಟಕ್ಕೆ ಸಮನಾಗಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು. ಹತ್ತು ನಿಮಿಷ ಕಿಟಕಿ ತೆರೆದರೆ ಅದಕ್ಕಿಂತ ಹೆಚ್ಚು ಪ್ರಯೋಜನ.

ತುಳಸಿ ದಿನದ 24 ಗಂಟೆಯೂ ಆಮ್ಲಜನಕ ಬಿಡುತ್ತದೆ ಎಂಬುದೂ ನಿಜವಲ್ಲ. ಕತ್ತಿಯಂತೆ ನೆಟ್ಟಗೆ ನಿಲ್ಲುವ ದಪ್ಪ ಎಲೆಯ ಸ್ನೇಕ್ ಪ್ಲಾಂಟ್ ರಾತ್ರಿ ಹೊತ್ತು ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುವುದು ಹೌದು, ಆದರೆ ಕೋಣೆಯ ಗಾಳಿ ಬದಲಾಗುವಷ್ಟಲ್ಲ. ಮಲಗುವ ಕೋಣೆಯಲ್ಲಿ ಗಿಡ ಇಟ್ಟರೆ ಉಸಿರು ಕಟ್ಟುತ್ತದೆ ಎಂಬ ಹೆದರಿಕೆಗೂ ಇದೇ ಉತ್ತರ. ಪಕ್ಕದಲ್ಲಿ ಮಲಗಿದ ಮನುಷ್ಯ ಬಿಡುವುದರ ಮುಂದೆ ಒಂದು ಕುಂಡ ಬಿಡುವುದು ಲೆಕ್ಕಕ್ಕೇ ಇಲ್ಲ.

ಮನಸ್ಸಿನ ವಿಷಯಕ್ಕೆ ಬಂದರೆ ಆಧಾರ ಇದಕ್ಕಿಂತ ಗಟ್ಟಿ. 1976ರಲ್ಲಿ ಮನಃಶಾಸ್ತ್ರಜ್ಞರಾದ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ ಅಧ್ಯಯನ ಮಾಡಿದರು. ಒಂದು ಮಹಡಿಯ ಹಿರಿಯರಿಗೆ ಗಿಡ ಕೊಟ್ಟು, ಅದನ್ನು ನೀವೇ ನೋಡಿಕೊಳ್ಳಬೇಕು, ನಿಮ್ಮ ದಿನಚರಿಯ ಸಣ್ಣಪುಟ್ಟ ತೀರ್ಮಾನವೂ ನಿಮ್ಮದೇ ಎಂದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರು ಹಾಕುವುದು ನರ್ಸ್‌ಗಳ ಕೆಲಸ ಎಂದರು. ಮೊದಲನೆಯವರು ಹೆಚ್ಚು ಚುರುಕಾದರು, ಹೆಚ್ಚು ಲವಲವಿಕೆಯಿಂದ ಇದ್ದರು. ಗಿಡ ಎರಡೂ ಕಡೆ ಇತ್ತು, ನೀರು ಹಾಕುವ ಕೈ ಬೇರೆ. 2015ರಲ್ಲಿ ದಕ್ಷಿಣ ಕೊರಿಯಾದಲ್ಲಿ 24 ಯುವಕರಿಗೆ ಗಿಡವನ್ನು ಬೇರೆ ಕುಂಡಕ್ಕೆ ಬದಲಿಸುವ ಕೆಲಸವನ್ನೂ ಕಂಪ್ಯೂಟರ್ ಕೆಲಸವನ್ನೂ ಕೊಟ್ಟು ಹೋಲಿಸಿದಾಗ, ಗಿಡದ ಕೆಲಸದ ನಂತರ ರಕ್ತದೊತ್ತಡದ ಕೆಳಗಿನ ಅಂಕಿ ಇಳಿದಿತ್ತು. ಇವು ಚಿಕ್ಕ ಅಧ್ಯಯನಗಳು. ಇಷ್ಟರಿಂದ ಗಿಡ ಔಷಧಿಯಾಗುವುದಿಲ್ಲ. ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದಂತಾಗಿದ್ದರೆ ಮೊದಲು ವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಗಿಡ ಅದರ ಜೊತೆಗಿರಲಿ.

ಆಯ್ಕೆಗೆ ಮುನ್ನ: ನಿಮ್ಮ ಬೆಳಕು, ನಿಮ್ಮ ನೀರು

ಬೆಳಕು ಅಳೆಯಲು ಯಂತ್ರ ಬೇಡ. ಬೆಳಿಗ್ಗೆ 11ರ ಸುಮಾರಿಗೆ ಗಿಡ ಇಡಬೇಕೆಂದಿರುವ ಜಾಗದಲ್ಲಿ ಒಂದು ಬಿಳಿ ಹಾಳೆ ಇಟ್ಟು, ಅದರ ಮೇಲೆ ಒಂದು ಅಡಿ ಎತ್ತರದಲ್ಲಿ ಅಂಗೈ ಹಿಡಿಯಿರಿ. ಬೆರಳು ಬೆರಳೂ ಎಣಿಸುವಂತೆ ನೆರಳು ಬಿದ್ದರೆ ಒಳ್ಳೆಯ ಬೆಳಕು. ಮಸುಕು ನೆರಳಾದರೆ ಮಧ್ಯಮ. ನೆರಳೇ ಕಾಣದಿದ್ದರೆ ಅಲ್ಲಿ ಸ್ನೇಕ್ ಪ್ಲಾಂಟ್ ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕಬೇಡಿ. ಪಡುವಣ ಗೋಡೆಗೆ ಅಂಟಿದ ಬಾಲ್ಕನಿಯಾದರೆ ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನ 2ರ ನಂತರ ಸಿಮೆಂಟಿನ ಕಾವೇ ಎಲೆ ಸುಡುತ್ತದೆ. ಅಂಥಲ್ಲಿ ಶೇ. 50ರ ಹಸಿರು ನೆರಳು ಪರದೆ ಕಟ್ಟಬೇಕು, ಕುಂಡವನ್ನು ಗೋಡೆಯಿಂದ ಒಂದು ಗೇಣು ದೂರ ಇಡಬೇಕು.

ನೀರಿನ ಬಗ್ಗೆ ಹೆಚ್ಚು ಹೇಳಬೇಕಿದೆ, ಯಾಕೆಂದರೆ ನಮ್ಮ ಕಡೆ ಮನೆಗಿಡಗಳು ಹಾಳಾಗುವುದರಲ್ಲಿ ರೋಗಕ್ಕಿಂತ ನೀರಿನ ಪಾತ್ರ ದೊಡ್ಡದು. ದಾವಣಗೆರೆಗೆ ಬರುವ ಭದ್ರಾ ನೀರು, ಚಿತ್ರದುರ್ಗಕ್ಕೆ ಬರುವ ಶಾಂತಿಸಾಗರ, ವಾಣಿವಿಲಾಸ ಸಾಗರದ ನೀರು ಗಿಡಕ್ಕೆ ತಕ್ಕ ಮಟ್ಟಿಗೆ ಒಳ್ಳೆಯದೇ. ತೊಂದರೆ ಕೊಡುವುದು ಬೋರ್‌ವೆಲ್ ನೀರು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟಿದರೆ ಆ ನೀರು ಗಡುಸು. ಅದು ಕುಂಡದ ಮಣ್ಣಿನ ಮೇಲೂ ಅಂಚಿನಲ್ಲೂ ಬಿಳಿ ಉಪ್ಪಾಗಿ ಕೂರುತ್ತದೆ, ಬೇರಿಗೆ ನೀರು ಹೀರಲು ಬಿಡುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಕೂಡ ಹೆಚ್ಚು. ಸ್ಪೈಡರ್ ಪ್ಲಾಂಟ್, ಡ್ರಸೀನಾದಂಥ ಉದ್ದ ಎಲೆಯ ಅಲಂಕಾರದ ಗಿಡಗಳಿಗೆ ಫ್ಲೋರೈಡ್ ಆಗುವುದೇ ಇಲ್ಲ. ಎಲೆಯ ತುದಿ ಮೊದಲು ಕಂದಾಗಿ, ಒಣಗುತ್ತ ಹಿಂದಕ್ಕೆ ಸರಿಯುತ್ತದೆ. ನೀರು ಸಾಲಲಿಲ್ಲವೇನೋ ಅಂತ ಜನ ಇನ್ನಷ್ಟು ಹಾಕುತ್ತಾರೆ, ತುದಿ ಇನ್ನಷ್ಟು ಒಣಗುತ್ತದೆ.

ಮನೆಯ ಆರ್‌ಒ ಯಂತ್ರದಿಂದ ಹೊರಬೀಳುವ ವ್ಯರ್ಥ ನೀರನ್ನು ಗಿಡಕ್ಕೆ ಹಾಕುವ ರೂಢಿ ಈಗ ಬಹಳ ಕಡೆ ಇದೆ. ನೀರು ಉಳಿಸುವ ಮನಸ್ಸು ದೊಡ್ಡದು, ಆದರೆ ಬೋರ್‌ವೆಲ್ ನೀರನ್ನು ಶೋಧಿಸಿದ ಮೇಲೆ ಉಳಿಯುವ ಆ ನೀರಿನಲ್ಲಿ ಉಪ್ಪಿನ ಅಂಶ ಮೂಲ ನೀರಿಗಿಂತ ಹೆಚ್ಚು. ಅದು ನೆಲ ಒರೆಸಲು, ಬಚ್ಚಲಿಗೆ ಆಗಲಿ, ಕುಂಡಕ್ಕೆ ಬೇಡ. ಬದಲಿಗೆ ತರಕಾರಿ, ಅಕ್ಕಿ ತೊಳೆದ ನೀರನ್ನು ಅದೇ ದಿನ ಹಾಕಿ. ಎರಡು ದಿನ ಇಟ್ಟು ಹುಳಿ ಬರಿಸಿದರೆ ಸಣ್ಣ ಕಪ್ಪು ನೊಣ ಮುತ್ತುತ್ತವೆ. ಮಳೆ ಬಂದ ದಿನ ಒಳಗಿನ ಕುಂಡಗಳನ್ನು ಹೊರಗಿಟ್ಟು ನೆನೆಯಲು ಬಿಡಿ. ತಳದಿಂದ ನೀರು ಧಾರಾಳವಾಗಿ ಇಳಿದು ಹೋದರೆ ಕಟ್ಟಿಕೊಂಡ ಉಪ್ಪೂ ಕೊಚ್ಚಿಹೋಗುತ್ತದೆ.

ಮಣ್ಣು ಮೂರೇ ಮಾತಿನಲ್ಲಿ: ಎರೆ ಮಣ್ಣು ಕುಂಡಕ್ಕೆ ಬೇಡ. ಒಣಗಿದಾಗ ಬಿರಿದು ನೀರೆಲ್ಲ ಬಿರುಕಿನಲ್ಲೇ ಇಳಿದುಹೋಗುತ್ತದೆ, ನೆನೆದಾಗ ಬೇರು ಕೊಳೆಯುತ್ತದೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಸೇರಿಸಿ. ಮಂಡಕ್ಕಿ ಭಟ್ಟಿಯ ಕಡೆ ಸುಟ್ಟ ಭತ್ತದ ಹೊಟ್ಟು ಸಿಕ್ಕರೆ ಕಪ್ಪಗಿರುವುದನ್ನು ಆರಿಸಿ ಕುಂಡಕ್ಕೆ ಎರಡು ಹಿಡಿ ಹಾಕಿದರೆ ಮಣ್ಣು ಸಡಿಲವಾಗುತ್ತದೆ. ಬೆಳ್ಳಗಾದ ಬೂದಿ ಹೆಚ್ಚು ಬಿದ್ದರೆ ಮಣ್ಣು ಕ್ಷಾರವಾಗುತ್ತದೆ, ಮೊದಲೇ ಗಡುಸು ನೀರಿರುವ ಊರಲ್ಲಿ ಅದು ಬೇಡವೇ ಬೇಡ.

ತುಳಸಿಯೋ, ದೊಡ್ಡಪತ್ರೆಯೋ?

ದಿನಕ್ಕೊಂದು ಕಟ್ಟುಪಾಡು ಬೇಕು, ಬೆಳಿಗ್ಗೆ ಎದ್ದ ಕೂಡಲೆ ಕೈಗೊಂದು ಕೆಲಸ ಬೇಕು ಎನ್ನುವವರಿಗೆ ಈ ಎರಡರಲ್ಲಿ ಒಂದು.

ತುಳಸಿ ನಿತ್ಯ ಕರೆಯುವ ಗಿಡ. ಸ್ನಾನ, ನೀರು, ಒಂದು ಸುತ್ತು, ಎರಡು ನಿಮಿಷ ನಿಲ್ಲುವುದು: ಈ ಕ್ರಮ ಹಿರಿಯರ ದಿನಕ್ಕೆ ಆಧಾರಗಂಬ. ನಿವೃತ್ತಿಯಾದ ಮೇಲೆ ದಿನ ಹೇಗೆ ಶುರು ಮಾಡಬೇಕೆಂದು ತೋಚದವರಿಗೂ ಇದು ಒಳ್ಳೆಯದು. ಆದರೆ ಅದಕ್ಕೆ ದಿನಕ್ಕೆ ಕನಿಷ್ಠ 4ರಿಂದ 6 ಗಂಟೆ ನೇರ ಬಿಸಿಲು ಬೇಕು. ಫ್ಲ್ಯಾಟಿನ ಒಳಗೆ, ದೇವರ ಮನೆಯ ಮೂಲೆಯಲ್ಲಿ ಇಟ್ಟರೆ ಕಡ್ಡಿಯಂತೆ ಉದ್ದ ಬೆಳೆದು ಎಲೆ ಉದುರಿಸುತ್ತದೆ. 10 ಇಂಚಿನ ಕುಂಡಕ್ಕೆ ಏಪ್ರಿಲ್‌ನಲ್ಲಿ ದಿನಕ್ಕೆ ಸುಮಾರು ಮುಕ್ಕಾಲು ಲೀಟರ್ ನೀರು ಸಾಕು. ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆ ಅದರ ಅರ್ಧ. ಪೂಜೆಯ ನೀರು, ಹಾಲು, ಅರಿಶಿನ ಕುಂಕುಮ ಬುಡಕ್ಕೇ ಬಿದ್ದರೆ ಮೇಲ್ಮಣ್ಣು ಗಟ್ಟಿಕಟ್ಟಿ ಬೂಷ್ಟು ಬರುತ್ತದೆ. ಅರಿಶಿನ ಕುಂಕುಮವನ್ನು ಕಟ್ಟೆಗೋ ಕುಂಡದ ಹೊರಮೈಗೋ ಹಚ್ಚಿ, ದೀಪವನ್ನು ಕಾಂಡದಿಂದ ಒಂದು ಅಡಿ ದೂರ ಇಡಿ.

ಕದಿರು ಬಂದ ಹಾಗೆ ಚಿವುಟುತ್ತಿರಬೇಕು. ಬೀಜ ಕಟ್ಟಲು ಬಿಟ್ಟರೆ ಗಿಡ ಬೇಗ ಮುದಿಯಾಗುತ್ತದೆ. ಒಂದೆರಡು ಕದಿರು ಮಾತ್ರ ಬಲಿಯಲು ಬಿಟ್ಟು ಬೀಜ ಉದುರಿಸಿ ಪಕ್ಕದಲ್ಲೊಂದು ಸಸಿ ಎಬ್ಬಿಸಿಕೊಳ್ಳಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ತುಳಸಿ ಒಣಗಿದರೆ ಮನೆಗೆ ಏನೋ ಕೆಡುಕು ಎಂದು ಎಷ್ಟೋ ತಾಯಂದಿರು ಒಳಗೊಳಗೇ ಕೊರಗುತ್ತಾರೆ. ಕುಂಡದ ತುಳಸಿಗೆ ಸಾಮಾನ್ಯವಾಗಿ ಎರಡು ಮೂರು ವರ್ಷದ ಆಯಸ್ಸು. ಕಾಂಡ ಕಟ್ಟಿಗೆಯಾಗಿ, ಬುಡದ ಎಲೆ ಉದುರಿ ಹೋಗುವುದು ಅದರ ಸಹಜ ಕ್ರಮ. ಡಿಸೆಂಬರ್, ಜನವರಿಯ ಚಳಿಗೆ ಸೊರಗುವುದೂ ಹಾಗೇ. ಪಕ್ಕದಲ್ಲಿ ಸಸಿ ಬೆಳೆಯುತ್ತಿದ್ದರೆ ಹಳೆಯದು ಹೋದಾಗ ಕಟ್ಟೆ ಬರಿದಾಗುವುದಿಲ್ಲ, ಅಮ್ಮನ ಎದೆಯೂ ಝಲ್ಲೆನ್ನುವುದಿಲ್ಲ.

ದೊಡ್ಡಪತ್ರೆ ಇಷ್ಟು ಕಟ್ಟುನಿಟ್ಟಿನದಲ್ಲ. ಎರಡು ಮೂರು ಗಂಟೆಯ ಎಳೆ ಬಿಸಿಲು ಸಾಕು. ನೆರೆಮನೆಯಿಂದ ನಾಲ್ಕು ಇಂಚಿನ ಕಡ್ಡಿ ತಂದು, ಕೆಳಗಿನ ಎಲೆ ಕಿತ್ತು, ಒಂದು ದಿನ ನೆರಳಲ್ಲಿ ಗಾಯ ಆರಲು ಬಿಟ್ಟು ನೆಟ್ಟರೆ ಎರಡು ಮೂರು ವಾರಕ್ಕೆ ಬೇರು ಬಿಡುತ್ತದೆ. ಎಲೆಯಲ್ಲಿ ನೀರು ತುಂಬಿಕೊಂಡಿರುವುದರಿಂದ ಬೇಸಿಗೆಯಲ್ಲೂ ಎರಡು ಮೂರು ದಿನಕ್ಕೊಮ್ಮೆ ನೀರು ಹಾಕಿದರೆ ನಡೆಯುತ್ತದೆ. ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದರೂ ಮುನಿಸಿಕೊಳ್ಳುವುದಿಲ್ಲ. ಇದು ಸಾಯುವುದು ಅತಿಪ್ರೀತಿಯಿಂದ: ನಿತ್ಯ ನೀರು ಹಾಕಿದರೆ ಬುಡ ಕಪ್ಪಾಗಿ ಮೆತ್ತಗಾಗುತ್ತದೆ. ಹಾಗಾದಾಗ ಮೇಲಿನ ಗಟ್ಟಿ ಕಡ್ಡಿ ಕತ್ತರಿಸಿ ಹೊಸದಾಗಿ ನೆಟ್ಟುಬಿಡಿ, ಬುಡ ಉಳಿಸಲು ಹೋಗಬೇಡಿ.

ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ, ಬೇಸರದಲ್ಲಿರುವವರಿಗೆ, ಹೊಸಬರಿಗೆ ನಮ್ಮ ಆಯ್ಕೆ ದೊಡ್ಡಪತ್ರೆ. ಮುಟ್ಟಿದರೆ ಕೈಗೆ ಘಾಟು ವಾಸನೆ ಅಂಟುತ್ತದೆ, ಎಲೆಯ ಮೇಲಿನ ಸಣ್ಣ ರೋಮ ಬೆರಳಿಗೆ ತಿಳಿಯುತ್ತದೆ. ಕಣ್ಣು ಮಂದವಾದ ಅಜ್ಜಿಗೂ ಇದು ದಕ್ಕುವ ಗಿಡ. ಹತ್ತು ಎಲೆ ಕಿತ್ತರೆ ಒಂದು ತಂಬುಳಿ, ಕಡಲೆಹಿಟ್ಟಲ್ಲಿ ಅದ್ದಿದರೆ ಒಂದು ತಟ್ಟೆ ಬಜ್ಜಿ. ತಾನು ಬೆಳೆಸಿದ್ದನ್ನು ಇನ್ನೊಬ್ಬರಿಗೆ ಬಡಿಸುವ ಖುಷಿಯನ್ನು ಯಾವ ಅಲಂಕಾರದ ಗಿಡವೂ ಕೊಡಲಾರದು.

ಮನಿ ಪ್ಲಾಂಟೋ, ಸ್ನೇಕ್ ಪ್ಲಾಂಟೋ?

ಬಿಸಿಲೇ ಬೀಳದ ಕೋಣೆ, ಪಿ.ಜಿ., ಹಾಸ್ಟೆಲ್, ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ: ಇಂಥ ಜಾಗಕ್ಕೆ ಈ ಎರಡು. ದಾವಣಗೆರೆಯಲ್ಲಿ ಮೆಡಿಕಲ್, ಎಂಜಿನಿಯರಿಂಗ್ ಓದುವ ಮಕ್ಕಳು ಕೋಣೆಯಲ್ಲಿ ಇಟ್ಟುಕೊಳ್ಳುವುದು ಹೆಚ್ಚಾಗಿ ಇವನ್ನೇ.

ಸ್ನೇಕ್ ಪ್ಲಾಂಟ್‌ಗೆ ಎರಡು ಮೂರು ವಾರಕ್ಕೊಮ್ಮೆ ನೀರು. ಮಣ್ಣು ತಳದವರೆಗೂ ಒಣಗಿದ ಮೇಲೆ ಮಾತ್ರ. ರಜೆಗೆ ಒಂದು ತಿಂಗಳು ಊರಿಗೆ ಹೋದರೂ ಇರುತ್ತದೆ. ಬದುಕಿಸುವುದು ಇಷ್ಟು ಸುಲಭ, ಆದರೆ ವರ್ಷಕ್ಕೆ ನಾಲ್ಕೈದು ಹೊಸ ಎಲೆ ಬಂದರೆ ದೊಡ್ಡದು. ಮನಸ್ಸು ತೊಡಗಿಸಿಕೊಳ್ಳಲು ಅದು ಸಾಲದು. ಮನಿ ಪ್ಲಾಂಟ್ ಬೆಳಕಿದ್ದರೆ ಮಳೆಗಾಲದಲ್ಲಿ ಹತ್ತು ಹದಿನೈದು ದಿನಕ್ಕೊಂದು ಎಲೆ ಬಿಚ್ಚುತ್ತದೆ. ಸುರುಳಿಯಾಗಿ ಬಂದ ಎಳೆ ಎಲೆ ದಿನದಿಂದ ದಿನಕ್ಕೆ ಅಗಲವಾಗುವುದು ಕಣ್ಣಿಗೆ ಕಾಣುತ್ತದೆ. ಪರೀಕ್ಷೆಯ ಒತ್ತಡದಲ್ಲಿರುವವರಿಗೆ ಓದಿನ ನಡುವೆ ಎರಡು ನಿಮಿಷ ಎದ್ದು ನೋಡಲು ಇಂಥದೊಂದು ಬೇಕು. ಆದ್ದರಿಂದ ಕೋಣೆಯಲ್ಲಿ ಇರುವವರಿಗೆ ಮನಿ ಪ್ಲಾಂಟ್, ಹೆಚ್ಚು ಊರೂರು ಸುತ್ತುವವರಿಗೆ ಸ್ನೇಕ್ ಪ್ಲಾಂಟ್.

ಮನಿ ಪ್ಲಾಂಟ್ ಕಡ್ಡಿ ಕತ್ತರಿಸುವಾಗ ಗೆಣ್ಣಿನ ಕೆಳಗೆ ಅರ್ಧ ಇಂಚು ಬಿಟ್ಟು ಕತ್ತರಿಸಿ. ಬೇರು ಬರುವುದು ಗೆಣ್ಣಿನಿಂದ. ಗೆಣ್ಣಿಲ್ಲದ ಎಲೆಯನ್ನು ನೀರಲ್ಲಿಟ್ಟು ತಿಂಗಳುಗಟ್ಟಲೆ ಕಾದರೂ ಬಳ್ಳಿಯಾಗುವುದಿಲ್ಲ. ಬಾಟಲಿಯಲ್ಲಿ ಬೆಳೆಸುವವರು ವಾರಕ್ಕೊಮ್ಮೆ ತಪ್ಪದೆ ನೀರು ಬದಲಿಸಿ, ಒಳಮೈ ಉಜ್ಜಿ ತೊಳೆಯಬೇಕು. ಡೆಂಗಿ ಹರಡುವ ಸೊಳ್ಳೆ ಇಂಥ ನಿಂತ ನೀರಿನಲ್ಲೇ ಮೊಟ್ಟೆಯಿಡುತ್ತದೆ. ಮೊಟ್ಟೆ ಗಾಜಿನ ಅಂಚಿಗೆ ಅಂಟಿರುವುದರಿಂದ ಬರೀ ನೀರು ಚೆಲ್ಲಿದರೆ ಸಾಲದು. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಕುಂಡದ ಕೆಳಗಿನ ತಟ್ಟೆಗೂ ಇದೇ ನಿಯಮ.

ಅಂಬೆಗಾಲಿಡುವ ಕೂಸು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಮನಿ ಪ್ಲಾಂಟ್, ಪೀಸ್ ಲಿಲ್ಲಿ, ಡೈಫನ್‌ಬೇಕಿಯಾ ಕೈಗೆಟುಕುವಂತೆ ಇಡಬೇಡಿ. ಎಲೆ ಜಗಿದರೆ ಅದರಲ್ಲಿರುವ ಸೂಜಿಯಂಥ ಹರಳುಗಳು ಚುಚ್ಚಿ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತದೆ. ಸ್ನೇಕ್ ಪ್ಲಾಂಟ್ ತಿಂದರೂ ವಾಂತಿಯಾಗಬಹುದು. ಅಂಥ ಮನೆಗೆ ಸ್ಪೈಡರ್ ಪ್ಲಾಂಟ್ ವಾಸಿ, ಅದಕ್ಕೆ ಬೋರ್‌ವೆಲ್ ನೀರು ಹಾಕದಿದ್ದರೆ.

ಮಲ್ಲಿಗೆಯೋ, ಮೆಂತ್ಯವೋ?

ಇವೆರಡನ್ನು ಒಟ್ಟಿಗೆ ತೂಗುವುದು ವಿಚಿತ್ರ ಎನಿಸಬಹುದು. ಎರಡೂ ಕಾಯುವಿಕೆಯ ಗಿಡಗಳು, ಕಾಯುವ ಅವಧಿ ಮಾತ್ರ ಬೇರೆ.

ದುಂಡುಮಲ್ಲಿಗೆಗೆ 12ರಿಂದ 14 ಇಂಚಿನ ಕುಂಡ, ಆರು ಗಂಟೆ ಬಿಸಿಲು, ಅಂದರೆ ಮಹಡಿಯ ಮೇಲೆಯೇ. ವರ್ಷದ ಕೆಲಸ ಶುರುವಾಗುವುದು ಡಿಸೆಂಬರ್ ಕೊನೆಯಲ್ಲಿ. ಎರಡು ವಾರ ನೀರು ಕಡಿಮೆ ಮಾಡಿ, ಜನವರಿಯಲ್ಲಿ ಬುಡದಿಂದ ಒಂದೂವರೆ ಅಡಿಗೆ ಸವರಿ, ಉಳಿದ ಎಲೆ ಕಿತ್ತು, ಎರಡು ಹಿಡಿ ಗೊಬ್ಬರ ಕೊಟ್ಟು ಮತ್ತೆ ನೀರು ಶುರು ಮಾಡಬೇಕು. ಚಳ್ಳಕೆರೆ ಕಡೆಯ ಎಣ್ಣೆ ಗಾಣದ ಶೇಂಗಾ ಹಿಂಡಿ ಸಿಕ್ಕರೆ 50 ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಲ್ಲಿ ಎರಡು ದಿನ ನೆನೆಸಿ, ಹತ್ತರಷ್ಟು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಹಾಕಿ. ಹಿಂಡಿಯನ್ನು ಹಾಗೇ ಬುಡಕ್ಕೆ ಸುರಿದರೆ ಇರುವೆ, ಇಲಿ ಎರಡೂ ಬರುತ್ತವೆ, ಕೊಳೆಯುವ ಬಿಸಿಗೆ ಬೇರೂ ಸುಡುತ್ತದೆ. ಮಾರ್ಚ್ ಹೊತ್ತಿಗೆ ಮೊಗ್ಗು. ಆಮೇಲೆ ಬೇಸಿಗೆ ಪೂರ್ತಿ ಸಂಜೆಗೊಂದು ಕೆಲಸ: ಹೊತ್ತು ಇಳಿಯುವಾಗ ಮೇಲೆ ಹೋಗಿ, ಬಲಿತ ಬಿಳಿ ಮೊಗ್ಗು ಯಾವುದು, ನಾಳೆಯದು ಯಾವುದು ಅಂತ ಆರಿಸಿ ಬಿಡಿಸುವುದು, ಕೂತು ಕಟ್ಟುವುದು. ದಿನವಿಡೀ ತಲೆಯಲ್ಲಿ ಓಡುವ ಯೋಚನೆಗೆ ಬಿಡುವು ಸಿಗುವುದು ಈ ಹೊತ್ತಿನಲ್ಲಿ. ಮೊಗ್ಗು ಅರಳುವ ಮೊದಲೇ ನೇರಳೆಗೆ ತಿರುಗಿದರೆ ಹುಳು ಬಿದ್ದಿದೆ ಎಂದರ್ಥ, ಅಂಥದ್ದನ್ನು ಕಿತ್ತು ದೂರ ಹಾಕಿ. ಉಬ್ಬಸ ಇರುವವರು, ಗಾಢ ವಾಸನೆಗೆ ತಲೆನೋವು ಬರುವವರು ಹೂವನ್ನು ಮಲಗುವ ಕೋಣೆಗೆ ಒಯ್ಯಬೇಡಿ.

ವರ್ಷ ಕಾಯುವ ತಾಳ್ಮೆ ಈಗ ಇಲ್ಲ, ಮನಸ್ಸು ತೀರಾ ಕುಗ್ಗಿದೆ ಎನ್ನುವವರಿಗೆ ಮೆಂತ್ಯ. ನಾಲ್ಕು ಇಂಚು ಆಳದ ತಟ್ಟೆಯೋ, ತಳಕ್ಕೆ ತೂತು ಕೊರೆದ ಹಳೆ ಡಬ್ಬವೋ ಸಾಕು. ಒಂದು ಚದರ ಅಡಿಗೆ ಎರಡು ಚಮಚ ಕಾಳು ರಾತ್ರಿ ನೆನೆಸಿ, ಚೆಲ್ಲಿ, ಅರ್ಧ ಬೆರಳು ಮಣ್ಣು ಮುಚ್ಚಿ, ಕೈಯಿಂದ ನೀರು ಚಿಮುಕಿಸಿ. ಮೂರು ನಾಲ್ಕು ದಿನಕ್ಕೆ ಮೊಳಕೆ, ಇಪ್ಪತ್ತೈದು ದಿನದೊಳಗೆ ಒಂದು ಹೊತ್ತಿನ ಪಲ್ಯ. ಅಕ್ಟೋಬರ್‌ನಿಂದ ಫೆಬ್ರುವರಿ ಸರಿಯಾದ ಕಾಲ. ಏಪ್ರಿಲ್‌ನಲ್ಲಿ ಬಿತ್ತಿದರೆ ಕಾವಿಗೆ ಸೊರಗುತ್ತದೆ. ಮಕ್ಕಳ ಕೈಗೆ ಕೊಡುವುದಾದರೆ ಕೊತ್ತಂಬರಿಗಿಂತ ಇದೇ ಮೇಲು. ಕೊತ್ತಂಬರಿ ಮೊಳೆಯಲು ಎಂಟು ಹತ್ತು ದಿನ ಬೇಕು, ಅಷ್ಟರಲ್ಲಿ ಮಗು ಮಣ್ಣು ಕೆದಕಿ ನೋಡಿರುತ್ತದೆ.

ಹಿರಿಯರಿಗಾಗಿ ಆರಿಸುವಾಗ

10 ಇಂಚಿನ ಕುಂಡ ನೆನೆದ ಮಣ್ಣಿನ ಸಮೇತ ಹತ್ತು ಕಿಲೋ ಮುಟ್ಟಬಹುದು. ಅದನ್ನು ಎತ್ತಿಡಲು ಅಜ್ಜನಿಗೆ ಬಿಡಬೇಡಿ. ಎರಡೂವರೆ ಅಡಿ ಎತ್ತರದ ಸ್ಟ್ಯಾಂಡ್ ಮೇಲೆ ಇಟ್ಟರೆ ಸೊಂಟ ಬಗ್ಗಿಸಬೇಕಿಲ್ಲ. ನೀರಿಗೆ ಬಕೆಟ್ ಬೇಡ, ಅರ್ಧ ಲೀಟರಿನ ಚೊಂಬು ಸಾಕು. ನೆಲದ ಟೈಲ್ಸ್ ಮೇಲೆ ನೀರು ಚೆಲ್ಲದಂತೆ ಕೆಳಗೊಂದು ಗೋಣಿ ತಾಟು ಹಾಸಿ. ಮುಖ್ಯವಾದ ಮಾತು, ಗಿಡ ಅವರದ್ದು ಎಂದ ಮೇಲೆ ಅವರದ್ದೇ ಆಗಿರಲಿ. ನೀರು ಹೆಚ್ಚಾಯಿತು, ಕಡಿಮೆಯಾಯಿತು ಅಂತ ಮಗ ಸೊಸೆ ನಡುವೆ ಕೈ ಹಾಕಿದರೆ ಅವರು ಮೆಲ್ಲಗೆ ಹಿಂದೆ ಸರಿಯುತ್ತಾರೆ. ಒಂದು ಗಿಡ ಸತ್ತರೆ ಇನ್ನೊಂದು ಕಡ್ಡಿ ನೆಡೋಣ ಅಷ್ಟೇ.

ತರುವುದು ಯಾವಾಗ

ಜೂನ್‌ನಲ್ಲಿ ಒಂದೆರಡು ಮಳೆ ಬಿದ್ದ ಮೇಲಿನಿಂದ ಆಗಸ್ಟ್‌ವರೆಗೆ ಒಳ್ಳೆಯ ಕಾಲ. ಆಷಾಢದ ಗಾಳಿ ಚಿತ್ರದುರ್ಗದ ಮಹಡಿಗಳ ಮೇಲೆ ಜೋರು, ಆಗ ಎತ್ತರದ ಕುಂಡಗಳನ್ನು ಪ್ಯಾರಾಪೆಟ್ ಮೇಲಿಂದ ಇಳಿಸಿ ಗೋಡೆಯ ಮರೆಗೆ ಇಡಿ. ಕೋಟೆಯ ಹತ್ತಿರದ ಮನೆಗಳಲ್ಲಿ ಕೋತಿಗಳು ಎಳೆ ಗಿಡ ಕಿತ್ತು ಹಾಕುವುದರಿಂದ ಗ್ರಿಲ್ ಒಳಗೇ ಜಾಗ ಮಾಡಿ. ಏಪ್ರಿಲ್‌ನಲ್ಲೇ ತರಬೇಕಾದರೆ, ನರ್ಸರಿಯ ನೆರಳು ಪರದೆಯಡಿ ಬೆಳೆದ ಗಿಡವನ್ನು ನೇರ ಬಿಸಿಲಿಗೆ ಒಡ್ಡದೆ ಮೊದಲ ಹತ್ತು ದಿನ ಜಗುಲಿಯ ನೆರಳಲ್ಲಿಡಿ.

ಕೊಳ್ಳುವಾಗ ಹೂವಿನ ಸಂಖ್ಯೆ ನೋಡಬೇಡಿ. ಎಲೆಯ ಹಿಂಬದಿ, ಗೆಣ್ಣಿನ ಸಂದು ನೋಡಿ. ಹತ್ತಿಯಂಥ ಬಿಳಿ ಉಂಡೆ ಕಂಡರೆ ಅದು ಹಿಟ್ಟು ತಿಗಣೆ, ಅಂಥ ಗಿಡ ಎಷ್ಟು ಅಗ್ಗವಾದರೂ ಬೇಡ. ಮನೆಯಲ್ಲಿರುವ ಗಿಡಕ್ಕೇ ಬಂದರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ, ಸಂಜೆ ಹೊತ್ತು ಎಲೆಯ ಎರಡೂ ಬದಿಗೆ ಸಿಂಪಡಿಸಿ, ವಾರ ಬಿಟ್ಟು ಇನ್ನೊಮ್ಮೆ ಮಾಡಿ. ಮಧ್ಯಾಹ್ನದ ಬಿಸಿಲಿಗೆ ಸಿಂಪಡಿಸಿದರೆ ಎಲೆ ಸುಡುತ್ತದೆ. ತಂದ ಗಿಡವನ್ನು ಅವತ್ತೇ ಬೇರೆ ಕುಂಡಕ್ಕೆ ಬದಲಿಸುವ ಆತುರ ಬೇಡ. ಎರಡು ವಾರ ಹೊಸ ಜಾಗಕ್ಕೆ ಹೊಂದಿಕೊಳ್ಳಲಿ, ಆಮೇಲೆ ಒಂದು ಸಂಜೆ ಕರಿ ಚೀಲ ಕತ್ತರಿಸಿ, ಬೇರಿನ ಮುದ್ದೆ ಒಡೆಯದಂತೆ ಎರಡು ಕೈಯಲ್ಲಿ ಹಿಡಿದು ಇಳಿಸಿ, ಮೊದಲಿದ್ದಷ್ಟೇ ಆಳಕ್ಕೆ ಮಣ್ಣು ಮುಚ್ಚಿ, ತಳದಿಂದ ನೀರು ಇಳಿಯುವಷ್ಟು ಹಾಕಿ.